ಅಡವಿ ಯಾರ ಮನೆಯೂ ಅಲ್ಲ

ನಮ್ಮ ಮನೆತನದಲ್ಲಿ ಒಂದು ಪದ್ಧತಿ ಇತ್ತು. ಮದುವೆ ಮಾಡಿ ಕೊಟ್ಟ ಮಗಳಿಗೆ ಮಗು ಆಗುವ ತನಕ ತವರಿನ ಹಿರಿಯರು ಅವಳ ಮನೆಯಲ್ಲಿ ಉಣ್ಣುವುದಿಲ್ಲ. ಯಾಕೆ ಎಂದು ಯಾರೂ ಕೇಳುತ್ತಿರಲಿಲ್ಲ. ನಾನು ಮದುವೆಯಾಗಿ ಇಳಕಲ್ಲಿನಿಂದ ಬಾಗಲಕೋಟೆಗೆ ಬಂದ ಮೇಲೆ ಅಪ್ಪ ತಿಂಗಳಿಗೊಮ್ಮೆ ಬಸ್ಸು ಹತ್ತಿ ನನ್ನನ್ನು ನೋಡಲು ಬರುತ್ತಿದ್ದ. ಒಳಗೆ ಬರದೆ ಹೊರಗಿನ ಕಟ್ಟೆಯ ಮೇಲೆ ಕೂರುತ್ತಿದ್ದ. ಚೀಲದಲ್ಲಿ ಅವನದೇ ರೊಟ್ಟಿ, ಅವನದೇ ಶೇಂಗಾ ಹಿಂಡಿ. ನೀರಡಿಸಿದರೆ ಓಣಿಯ ನಳಕ್ಕೆ ಹೋಗಿ ಬೊಗಸೆಯೊಡ್ಡಿ ಕುಡಿದು ಬರುತ್ತಿದ್ದ. ನಮ್ಮತ್ತೆಗೆ ಇದರಿಂದ ಭಾರಿ ಸಂತೋಷ. "ನಮ್ಮ ಬೀಗರು ಭಾಳ ನೇಮದ ಮನಷ್ಯಾರು" ಎಂದು ಓಣಿಗೆಲ್ಲ ಹೇಳಿಕೊಂಡು ಬರುತ್ತಿದ್ದರು. ನನಗೆ ಮಾತ್ರ ಒಳಗೊಳಗೇ ಸಿಟ್ಟು. ಅವ್ವ ನಾನು ಸಣ್ಣವಳಿದ್ದಾಗಲೇ ಹೋದಳು. ನೇಯುವುದನ್ನು ನಿಲ್ಲಿಸಿ ಮಗ್ಗದ ಕುಣಿಯಿಂದ ಎದ್ದು ಬಂದು ರೊಟ್ಟಿ ಬಡಿದು, ತುತ್ತು ಮಾಡಿ ಉಣಿಸಿ ನನ್ನನ್ನು ಬೆಳೆಸಿದವನು ಅಪ್ಪ. ಅಂಥವನು ನನ್ನ ಕೈಯ ಒಂದು ತುತ್ತು ಮುಟ್ಟದೆ ಬಸ್ ಸ್ಟ್ಯಾಂಡಿನ ಕಡೆ ನಡೆದು ಹೋಗುವುದನ್ನು ಬಾಗಿಲಲ್ಲಿ ನಿಂತು ನೋಡಬೇಕು.

ಆಮೇಲೆ ಗಂಡು ಮಗು ಆಯಿತು. ತವರಿನಲ್ಲಿ ಬಾಣಂತನ ಮಾಡುವವರಿಲ್ಲ ಎಂದು ಹೆರಿಗೆ ಬಾಗಲಕೋಟೆಯಲ್ಲೇ ಆಯಿತು. ತೊಟ್ಟಿಲಿಗೆ ಹಾಕುವ ದಿನ ಅಪ್ಪ ಹೊಸ ಧೋತರ ಉಟ್ಟುಕೊಂಡು ಬಂದ. ಹೊಸ್ತಿಲು ದಾಟಿ, ಪಡಸಾಲೆಯ ನಡುವೆ ಚಕ್ಕಳಮಕ್ಕಳ ಹಾಕಿ ಕೂತು, ಹೋಳಿಗೆಯ ಮೇಲೆ ಹೋಳಿಗೆ ಹಾಕಿಸಿಕೊಂಡು ಉಂಡ. ಬಾಣಂತಿಯಾದ ನಾನು ಒಳಗಿನ ಕೋಣೆಯಿಂದ ಕತ್ತು ಉದ್ದ ಮಾಡಿ ಅದನ್ನೇ ನೋಡುತ್ತಿದ್ದೆ. ತೊಟ್ಟಿಲ ಕಡೆ ನೋಡಲಿಲ್ಲ ಎಂದರೆ ಈಗ ನಗು ಬರುತ್ತದೆ. ಆಮೇಲಿನ ತಿಂಗಳುಗಳಲ್ಲಿ ಅಪ್ಪ ಚೀಲದಲ್ಲಿ ರೊಟ್ಟಿ ತರುವುದನ್ನು ಬಿಟ್ಟೇಬಿಟ್ಟ.

ಮಳೆಗಾಲ ಮುಗಿಯುವ ಹೊತ್ತಿಗೆ ಮಗುವಿಗೆ ಜ್ವರ ಬಂತು. ದವಾಖಾನೆಗೆ ಒಯ್ದೆವು. ಅಲ್ಲಿಂದ ವಾಪಸು ತಂದದ್ದು ಮಣ್ಣು ಮಾಡುವುದಕ್ಕೆ. ಇದಕ್ಕಿಂತ ಹೆಚ್ಚು ಹೇಳಲು ನನಗೆ ಆಗಲೂ ಆಗುತ್ತಿರಲಿಲ್ಲ, ಈಗಲೂ ಆಗುವುದಿಲ್ಲ. ನಾನು ಅಳಲಿಲ್ಲ. ತಡೆದುಕೊಂಡೆ ಎಂದಲ್ಲ, ಅಳು ಬರಲಿಲ್ಲ ಅಷ್ಟೆ. ಬಂದ ಹೆಂಗಸರು ನನ್ನನ್ನು ಅಪ್ಪಿಕೊಂಡು ತಾವೇ ಅತ್ತು, ತಾವೇ ಮೂಗು ಒರೆಸಿಕೊಂಡು ಹೋದರು. ನಾನು ಅವರಿಗೆ ಚಹಾ ಮಾಡಿ ಕೊಟ್ಟೆ. ಹಾಲು ಉಕ್ಕಿ ಚೆಲ್ಲಿದ್ದು, ನಾನು ಅದನ್ನು ಒರೆಸಿದ್ದು ನೆನಪಿದೆ. ಬೇರೆ ಏನೂ ನೆನಪಿಲ್ಲ.

ಸ್ವಲ್ಪ ದಿನ ಬಿಟ್ಟು ಅಪ್ಪ ಬಂದ. ಬಂದವನು ಕಟ್ಟೆಯ ಮೇಲೆ ಕೂತ. ಪಕ್ಕದಲ್ಲಿ ಚೀಲ ಇಟ್ಟುಕೊಂಡ. ನಾನು ತಾಟಿಗೆ ರೊಟ್ಟಿ, ಪಲ್ಯ ಹಾಕಿಕೊಂಡು ಬಾಗಿಲಿಗೆ ಬಂದು, "ಒಳಗ ಬಾ ಅಪ್ಪಾ, ಉಣ್ಣುವಂತಿ" ಅಂದೆ. ಅವನು ನನ್ನ ಮುಖ ನೋಡಲಿಲ್ಲ. "ಇರಲಿ ಬಿಡವ್ವಾ, ನಾ ರೊಟ್ಟಿ ತಂದೇನಿ" ಅಂದ.

ತಾಟು ಹಿಡಿದುಕೊಂಡು ಒಳಗೆ ಬಂದೆ. ಅಪ್ಪ ಕೆಟ್ಟ ಮನಸ್ಸಿನಿಂದ ಹಾಗೆ ಮಾಡಿದವನಲ್ಲ, ಅದು ನನಗೆ ಗೊತ್ತಿತ್ತು. ನೇಯುವಾಗ ತಪ್ಪಾದರೆ ತಪ್ಪಿದ ಕಡೆಯ ತನಕ ಬಿಚ್ಚಿ ಮತ್ತೆ ಶುರು ಮಾಡುವ ಕೈ ಅವನದು. ಮಗು ಇಲ್ಲ, ಅಂದ ಮೇಲೆ ನೇಮ ಮತ್ತೆ ಮೊದಲಿನಿಂದ. ಅತ್ತೆಗೂ ಇದು ಸರಿಯೆನಿಸಿತು. ನಮ್ಮ ಮನೆಯವರು ಏನೂ ಅನ್ನಲಿಲ್ಲ. ನನಗೆ ಮಾತ್ರ ನನ್ನ ಮಗು ಹುಟ್ಟಿಯೇ ಇರಲಿಲ್ಲ ಎಂದು ಎಲ್ಲರೂ ಸೇರಿ ತೀರ್ಮಾನ ಮಾಡಿದಂತೆ ಕಂಡಿತು. ಅದನ್ನು ಬಾಯಿಬಿಟ್ಟು ಹೇಳುವಷ್ಟು ಜೀವ ನನ್ನಲ್ಲಿರಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲವದು. ಆ ಸಲ ಶಿವರಾತ್ರಿ ಕಳೆದ ಮೇಲೆ ಅಪ್ಪ ಬಂದು ಕಟ್ಟೆಯ ಮೇಲಿಂದಲೇ ನಮ್ಮ ಮನೆಯವರಿಗೆ ಹೇಳಿದ: "ಅಳಿಯಂದ್ರ, ಈ ವರ್ಷ ಈಕಿನ್ನ ನನ್ನ ಕೂಡ ಶ್ರೀಶೈಲಕ್ಕ ಕಳಸ್ರಿ. ನಡಕೋತ ಹೋದ್ರ ಎದಿ ಹಗುರ ಆಕ್ಕೈತಿ."

ಯುಗಾದಿಗೆ ನಮ್ಮ ಕಡೆಯ ಜನ ಶ್ರೀಶೈಲಕ್ಕೆ ನಡೆದುಕೊಂಡು ಹೋಗುತ್ತಾರೆ. ಬಯಲುಸೀಮೆ ದಾಟಿ, ಕರ್ನೂಲು, ಆತ್ಮಕೂರಿನ ಆಚೆ ನಲ್ಲಮಲೆ ಬೆಟ್ಟಗಳನ್ನು ಹತ್ತಿ ಇಳಿದು ಮಲ್ಲಯ್ಯನನ್ನು ಮುಟ್ಟಬೇಕು. ಅಲ್ಲಿಯ ಅಮ್ಮ ಕನ್ನಡದವರ ಮನೆಮಗಳು, ಮಲ್ಲಯ್ಯ ಅಳಿಯ ಎಂದು ಲೆಕ್ಕ. ಬರಿಗೈಲಿ ಯಾರೂ ಹೋಗುವುದಿಲ್ಲ. ಮಗಳಿಗೆ ಸೀರೆ, ಕುಪ್ಪಸದ ಖಣ ಒಯ್ಯುತ್ತಾರೆ. ಇಳಕಲ್ಲಿನ ತಂಡದ ಸೀರೆ ಪ್ರತಿ ವರ್ಷ ಅಪ್ಪನ ಮಗ್ಗದ್ದೇ. ನಮ್ಮ ಮನೆಯವರು ಕಚೇರಿಯಲ್ಲಿ ಕೆಲಸ ಮಾಡುವವರು, ಫ್ಯಾನು ಇಲ್ಲದಿದ್ದರೆ ನಿದ್ದೆ ಬರದವರು. "ಕಳಿಸೋದೇನೋ ಕಳಸ್ತೇನ್ರಿ ಮಾವಾರ. ಆದ್ರ ಈಕಿಗೆ ಮೈಯಾಗ ಶಕ್ತಿ ಇಲ್ಲ. ರಾತ್ರಿ ಬಯಲಾಗ ಮಲಗೂದು ಬ್ಯಾಡ. ನಾ ರಜಾ ಹಾಕಿ ಬಸ್ಸಿನ್ಯಾಗ ಮುಂದ ಮುಂದ ಹೋಗಿ ಲಾಡ್ಜ್ ಹಿಡೀತೇನಿ" ಅಂದರು. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಹೂಂ ಅನ್ನುತ್ತಿದ್ದೆ. ಆಗ ಯಾರು ಏನು ಕೇಳಿದರೂ ಹೂಂ ಅನ್ನುತ್ತಿದ್ದೆ.

ಹೀಗೆ ನನ್ನದೊಂದು ವಿಚಿತ್ರ ಯಾತ್ರೆ ಶುರುವಾಯಿತು. ಇಳಕಲ್ಲಿಗೆ ಹೋಗಿ ತಂಡ ಕೂಡಿಕೊಂಡೆ. ಹಗಲೆಲ್ಲ ತಂಡದ ಜೊತೆ ನಡೆಯುವುದು, ಸಂಜೆ ಊರು ಬಂದರೆ ತಂಡ ಬಿಟ್ಟು ಗಂಡ ಹಿಡಿದಿಟ್ಟ ಕೋಣೆಗೆ ಹೋಗುವುದು. ತಂಡದವರು ಹೊಲದಲ್ಲೋ ಗುಡಿಯ ಮುಂದಿನ ಬಯಲಲ್ಲೋ ಕಂಬಳಿ ಹಾಸುತ್ತಿದ್ದರು. ನಾನು ಲಿಂಗಸುಗೂರಿನ ಒಂದು ಲಾಡ್ಜಿನಲ್ಲಿ ಕಬ್ಬಿಣದ ಮಂಚದ ಮೇಲೆ ಬಿದ್ದುಕೊಂಡು ಮೇಲಿನ ಫ್ಯಾನು ನೋಡುತ್ತಿದ್ದೆ. ಫ್ಯಾನು ತಿರುಗುತ್ತಿರಲಿಲ್ಲ. ಗೋಡೆಗೆ ಕಂದು ಬಣ್ಣದ ಕಲೆ, ದಿಂಬಿಗೆ ಯಾರದೋ ತಲೆಯೆಣ್ಣೆಯ ವಾಸನೆ. ನಮ್ಮ ಮನೆಯವರು ಪಾಪ, ಟವೆಲು ಬೀಸಿ ನನಗೆ ಗಾಳಿ ಹಾಕಿದರು. ಬೆಳಿಗ್ಗೆ ಎದ್ದಾಗ ಕುತ್ತಿಗೆ, ಬೆನ್ನ ತುಂಬ ತಗಣಿ ಕಚ್ಚಿದ ದದ್ದು. ತಂಡದಲ್ಲಿ ಹುನಗುಂದದ ಕಡೆಯ ಒಬ್ಬ ಮುದುಕಿ ಇದ್ದಳು, ಕುರಿ ಸಾಕುವ ಮನೆತನದವಳು, ಬಾಯಿ ಸುಮ್ಮನಿರದವಳು. ನನ್ನ ಕುತ್ತಿಗೆ ನೋಡಿ, "ಏನ ತಂಗಿ, ಮಾಳಗಿ ಕೆಳಗ ಮಲಗಿ ಇದನ್ನ ಗಳಿಸಿಕೊಂಡು ಬಂದೇನು?" ಎಂದು ನಕ್ಕಳು. ನನಗೆ ನಗುವೂ ಬರಲಿಲ್ಲ, ತುರಿಕೆಯೂ ತಿಳಿಯಲಿಲ್ಲ.

ಅಪ್ಪ ಪ್ರತಿ ಊರಿನಲ್ಲೂ ಲಾಡ್ಜಿನ ಬಾಗಿಲ ತನಕ ನನ್ನನ್ನು ಬಿಟ್ಟು ಹೋಗುತ್ತಿದ್ದ. ಮೆಟ್ಟಿಲು ಹತ್ತುತ್ತಿರಲಿಲ್ಲ. ಒಮ್ಮೆ ನಮ್ಮ ಮನೆಯವರು ಕೈ ಹಿಡಿದು, "ಮಾವಾರ, ಇಲ್ಲೇ ಮಲಕೋರಿ, ಎರಡನೇ ಮಂಚ ಐತಿ. ಇದೇನ ನಮ್ಮ ಮನಿ ಅಲ್ಲಲ್ರಿ, ಲಾಡ್ಜ್" ಅಂದರು. ಅಪ್ಪ ಕೈ ಬಿಡಿಸಿಕೊಂಡ. "ಬಾಡಗಿ ನೀವು ಕೊಟ್ಟೀರಿ. ಒಳಗ ನನ್ನ ಮಗಳು ಅದಾಳ. ಅಂದಮ್ಯಾಲ ಮನಿ ಅಲ್ದ ಮತ್ತೇನು?" ಅಂದ. ಅಷ್ಟು ಹೇಳಿ ಕಂಬಳಿ ಹೆಗಲಿಗೆ ಹಾಕಿಕೊಂಡು ಹೊಲದ ಕಡೆ ಹೋದ. ಕೋಣೆಯಲ್ಲಿ ನಾನು ಬುತ್ತಿಯ ಗಂಟು ಬಿಚ್ಚಿ ಇಬ್ಬರಿಗೆ ರೊಟ್ಟಿ ಹಾಕಿದೆ. ನಮ್ಮ ಮನೆಯವರು ಉಂಡರು. ನಾನೂ ಉಂಡೆ ಎಂದು ಕಾಣುತ್ತದೆ.

ದಿನಗಳು ಹೀಗೇ ಹೋದವು. ಬಿಸಿಲು ಏರಿದಂತೆ ನೆಲ ಕಾದು ಕಾಲಿನ ಅಡಿ ಗುಳ್ಳೆ ಎದ್ದವು, ಒಡೆದವು. ಉಳಿದ ಹೆಂಗಸರು ಕುಂಟುತ್ತ, ಮಲ್ಲಯ್ಯನನ್ನು ಬೈಯುತ್ತ, ಬೈದಿದ್ದಕ್ಕೆ ಗಲ್ಲ ಬಡಿದುಕೊಳ್ಳುತ್ತ ನಡೆದರು. ನಾನು ಸುಮ್ಮನೆ ನಡೆದೆ. ಕಾಲು ಬೇರೆ ಯಾರದೋ, ನಾನು ಅವುಗಳ ಹಿಂದೆ ಬರುತ್ತಿದ್ದೇನೆ ಅನ್ನಿಸುತ್ತಿತ್ತು. ಆತ್ಮಕೂರಿನಲ್ಲಿ ನಮ್ಮ ಮನೆಯವರು ನನ್ನ ಪಾದ ನೋಡಿ ಗಾಬರಿಯಾದರು. ಬಸ್ ಸ್ಟ್ಯಾಂಡಿನಲ್ಲೇ ನಿಲ್ಲಿಸಿ, "ಇಲ್ಲಿಂದ ಮುಂದ ಬರೇ ಅಡವಿ. ಊರಿಲ್ಲ, ಲಾಡ್ಜಿಲ್ಲ. ಕಲ್ಲು, ಮುಳ್ಳು. ನನ್ನ ಕೂಡ ಬಸ್ಸಿಗೆ ಬಾ, ಸುತ್ತ ಹಾಕ್ಕೊಂಡು ಹೋದ್ರೂ ಸಂಜೀಗೆ ಮುಟ್ಟತೇವಿ" ಅಂದರು. ಮೊದಲ ಸಲ ನಾನು ಹೂಂ ಅನ್ನಲಿಲ್ಲ. "ನಡದ ಹೋಗ್ತೇನ್ರಿ" ಅಂದೆ. ಯಾಕೆ ಹಾಗೆ ಅಂದೆನೋ ನನಗೇ ತಿಳಿಯದು. ಮತ್ತೊಂದು ಕೋಣೆ, ಮತ್ತೊಂದು ಮಂಚ ಸಾಕಾಗಿತ್ತೋ ಏನೋ. ಅವರು ಶ್ರೀಶೈಲದಲ್ಲಿ ಕೋಣೆ ಹಿಡಿದು ಕಾಯುತ್ತೇನೆ ಎಂದು ಹೇಳಿ ಬಸ್ಸು ಹತ್ತಿದರು.

ವೆಂಕಟಾಪುರ ದಾಟಿದ ಮೇಲೆ ಊರುಗಳು ಮುಗಿದವು. ಎಲೆ ಉದುರಿಸಿ ನಿಂತ ತೇಗ, ಒಣಗಿ ಕರಕರ ಅನ್ನುವ ಬಿದಿರು, ಕಾಲ್ದಾರಿಯ ತುಂಬ ಜನ. ನಾಗಲೂಟಿಯ ವೀರಭದ್ರನಿಗೆ ಕೈ ಮುಗಿದು ಮೆಟ್ಟಿಲು ಹತ್ತತೊಡಗಿದರೆ ಹತ್ತಿದಷ್ಟೂ ಮೆಟ್ಟಿಲು. ಹತ್ತಿದ ಮೇಲೆ ಮತ್ತೆ ಗುಡ್ಡ. ಬಾದಾಮಿಯ ಗುಡ್ಡ ಹತ್ತಿ ಮಹಾಕೂಟಕ್ಕೆ ಇಳಿದದ್ದೇ ದೊಡ್ಡ ಸಾಹಸ ಎಂದುಕೊಂಡಿದ್ದವಳು ನಾನು. ಇಲ್ಲಿ ಒಂದು ಗುಡ್ಡದ ಬೆನ್ನಿಗೆ ಇನ್ನೊಂದು, ಅದರ ಬೆನ್ನಿಗೆ ಮತ್ತೊಂದು. ಹೊತ್ತು ಇಳಿಯುವಾಗ ಪೆಚ್ಚೆರುವಿನ ಕೆರೆ ಸಿಕ್ಕಿತು. ಅಲ್ಲೇ ಬಿಡಾರ. ಗಂಡಸರು ಮೂರು ಕಲ್ಲು ಹೂಡಿ ಒಲೆ ಹಚ್ಚಿದರು. ತಂಡದ ಹಿಟ್ಟಿನ ಚೀಲ ಬಿಚ್ಚಿದರು. ಹೆಂಗಸರಲ್ಲಿ ಯಾರೂ ಏಳುವ ಸ್ಥಿತಿಯಲ್ಲಿರಲಿಲ್ಲ. ನಾನು ಎದ್ದು ಹೋಗಿ ಹಿಟ್ಟು ನಾದಿ ರೊಟ್ಟಿ ಬಡಿಯಲು ಕೂತೆ.

ಸಾಲಾಗಿ ಕೂತವರಿಗೆ ಹಂಚಿನಿಂದ ತೆಗೆದ ಹಾಗೇ ಬಿಸಿ ರೊಟ್ಟಿ ಕೊಡುತ್ತ ಬಂದೆ. ಅಪ್ಪನ ಹತ್ತಿರ ಬಂದಾಗ ಕೈ ತಾನೇ ಹಿಂದೆ ಸರಿಯಿತು. ಅಪ್ಪ ತಾಟು ಮುಂದೆ ಹಿಡಿದ. ಹಾಕಿದೆ. ಮುರಿದು, ಹಿಂಡಿ ಹಚ್ಚಿಕೊಂಡು, ಬಾಯಿಗೆ ಹಾಕಿಕೊಂಡ. ನಾನು ಅಲ್ಲೇ ನಿಂತೆ.

"ಏನವ್ವಾ, ಹಂಗ್ಯಾಕ ನೋಡ್ತಿ?"

"ನನ್ನ ಕೈಲೆ ಉಣ್ಣಾಕತ್ತಿಯಲ್ಲಪ್ಪಾ."

ಅಪ್ಪ ಸುತ್ತಲೂ ನೋಡಿದ. ಕೆರೆ, ಕತ್ತಲಾಗುತ್ತಿದ್ದ ಗುಡ್ಡ, ಉರಿಯುವ ಒಲೆಗಳು. "ಅಡವಿ ಯಾರ ಮನಿನೂ ಅಲ್ಲಲ್ಲವ್ವಾ. ಇಲ್ಲಿ ಏನ ಅಡ್ಡಿ? ಇನ್ನೊಂದು ಹಾಕು" ಅಂದ.

ಇನ್ನೊಂದು ಹಾಕಿದೆ. ಈ ಅಡವಿ ಮುಗಿಯದಿದ್ದರೆ ಒಳ್ಳೆಯದಿತ್ತು ಅನ್ನಿಸಿತು. ಬಹಳ ದಿನಗಳ ಮೇಲೆ ನನಗೆ ಏನೋ ಒಂದು ಬೇಕು ಅನ್ನಿಸಿದ್ದು ಅದೇ. ಆ ರಾತ್ರಿ ಕಂಬಳಿಯ ಮೇಲೆ, ಬೆನ್ನಿಗೆ ಕಲ್ಲು ಒತ್ತುತ್ತಿದ್ದರೂ, ಮಲಗಿದ್ದೊಂದೇ ಗೊತ್ತು. ನಮ್ಮ ಮನೆಯವರು ಹುಡುಕಿ ಹುಡುಕಿ ಹಿಡಿದ ಕೋಣೆಗಳಲ್ಲಿ ಬಾರದ ನಿದ್ದೆ ಅಲ್ಲಿ, ಮುದುಕಿಯ ಗೊರಕೆಯ ಪಕ್ಕದಲ್ಲಿ ಬಂತು.

ಮರುದಿನ ಭೀಮನಕೊಳ್ಳ. ಬೆಟ್ಟವನ್ನು ಸೀಳಿದ ಹಾಗೆ ಇರುವ ಆ ಕೊಳ್ಳಕ್ಕೆ ಇಳಿಯುವುದೂ ಕಷ್ಟ, ಎದುರಿನ ದಂಡೆ ಹತ್ತುವುದೂ ಕಷ್ಟ. ಕೆಳಗೆ ನೀರಿನ ಹತ್ತಿರ ದಣಿವಾರಿಸಿಕೊಳ್ಳಲು ಕೂತಿದ್ದೆವು. ಮುದುಕಿ ಕಾಲು ನೀರಿಗೆ ಬಿಟ್ಟುಕೊಂಡು ನನ್ನ ಕಡೆ ತಿರುಗಿ, "ಅಲ್ಲ ತಂಗಿ, ಇಷ್ಟ ದಿನ ಕೂಡ ನಡದೀವಿ, ಕೇಳಬೇಕಂದ್ರ ಮರತಬಿಟ್ಟೆ. ಮಕ್ಕಳೆಷ್ಟು ನಿನಗ?" ಅಂದಳು.

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅಪ್ಪ ಹಿಂದಿನಿಂದ, "ಇಲ್ಲಬೇ ಯಮ್ಮಾ. ಇನ್ನೂ ಆಗಿಲ್ಲ" ಅಂದ.

ಮುದುಕಿ "ಆಗ್ತಾವ ಬಿಡು, ಮಲ್ಲಯ್ಯ ಕೊಡ್ತಾನ" ಎಂದು ನನ್ನ ಬೆನ್ನು ಸವರಿದಳು. ಅಪ್ಪ ನನ್ನನ್ನು ಆ ಮಾತಿನಿಂದ ಪಾರು ಮಾಡಲಿಕ್ಕೆಂದೇ ಹಾಗೆ ಹೇಳಿರಬೇಕು. ಮಗು ಸತ್ತಿದೆ ಎಂದರೆ ಮುದುಕಿ ಇನ್ನೂ ನೂರು ಮಾತು ಕೇಳುತ್ತಿದ್ದಳು, ಅದೂ ಖರೆ. ಆದರೆ ಕೊಳ್ಳ ಹತ್ತುವಾಗ ಪ್ರತಿ ಮೆಟ್ಟಿಲಿಗೂ ಅದೇ ಮಾತು ಕೇಳುತ್ತಿತ್ತು. ಇನ್ನೂ ಆಗಿಲ್ಲ. ಇನ್ನೂ ಆಗಿಲ್ಲ. ಕೈಲಾಸ ದ್ವಾರದ ಹತ್ತಿರ ಎಲ್ಲರೂ ಕುಣಿದು, ಹರಹರ ಮಹಾದೇವ ಎಂದು ಕೂಗಿ, ಒಬ್ಬರ ಕಾಲಿಗೆ ಒಬ್ಬರು ಬಿದ್ದರು. ನನ್ನ ಕಾಲಿಗೂ ಯಾರೋ ಬಿದ್ದರು. ಆಗ ನೋಡಿದೆ, ನನ್ನ ಪಾದದಿಂದ ರಕ್ತ ಬರುತ್ತಿತ್ತು. ಆಗಲೇ ಉರಿಯತೊಡಗಿದ್ದು ಕೂಡ.

ಶ್ರೀಶೈಲದಲ್ಲಿ ನಮ್ಮ ಮನೆಯವರು ಹೇಳಿದ ಮಾತಿನಂತೆ ಕೋಣೆ ಹಿಡಿದು ಕಾಯುತ್ತಿದ್ದರು. ಯುಗಾದಿಯ ಜನಜಂಗುಳಿಯಲ್ಲಿ ಅದು ಸಿಕ್ಕಿದ್ದೇ ದೊಡ್ಡದು. ಮಹಡಿಯ ಮೇಲೆ ಸಣ್ಣ ಕೋಣೆ, ಒಂದು ಮಂಚ, ಒಂದು ಚಾಪೆ, ಒಂದು ಮಣ್ಣಿನ ಬಿಂದಿಗೆ. ಅಪ್ಪ ಎಂದಿನಂತೆ ಮೆಟ್ಟಿಲ ಬುಡದಲ್ಲಿ ನಿಂತ. "ನಾ ತಂಡದವರ ಕೂಡ ಮರದ ಬುಡಕ ಇರ್ತೇನಿ. ನೀ ಮಲಕೋ ಹೋಗವ್ವಾ" ಅಂದ. ಅಡವಿ ಮುಗಿದಿತ್ತು.

ಬೆಳಿಗ್ಗೆ ಎಲ್ಲರೂ ಕೂಡಿ ದರ್ಶನ ಮಾಡಿದೆವು. ಅಮ್ಮನ ಗುಡಿಯಲ್ಲಿ ಅಪ್ಪ ತಾನು ನೇಯ್ದ ಸೀರೆ ಕೊಟ್ಟು, ಮಗಳ ಯೋಗಕ್ಷೇಮ ಕೇಳುವವನ ಹಾಗೆ ಬಗ್ಗಿ ಏನೋ ಮೆಲ್ಲಗೆ ಮಾತಾಡಿದ. ಮಧ್ಯಾಹ್ನ ದಾಸೋಹಕ್ಕೆ ಹೋದೆವು. ದೊಡ್ಡ ತಗಡಿನ ಚಪ್ಪರ, ನೆಲದ ಮೇಲೆ ಸಾಲು ಸಾಲು ಎಲೆ. ಗಂಡಸರ ಸಾಲಿನಲ್ಲಿ ಅಪ್ಪ, ಅವನ ಪಕ್ಕ ನಮ್ಮ ಮನೆಯವರು. ಎದುರಿನ ಸಾಲಿನಲ್ಲಿ ನಾನು, ಮುದುಕಿ. ಅಪ್ಪನಿಗೆ ಖುಷಿ. ಅನ್ನ ಎರಡನೇ ಸಲ ಹಾಕಿಸಿಕೊಂಡ, ಪಾಯಸವನ್ನು ಎಲೆಯ ಮೇಲೆ ಹರಿಯಗೊಡದೆ ಬೆರಳಿಂದ ಎಳೆದು ಎಳೆದು ಉಂಡ. ನಮ್ಮ ಮನೆಯವರು ಚೇಷ್ಟೆಗೆ, "ಏನ್ರಿ ಮಾವಾರ, ಮಗಳ ಮನ್ಯಾಗ ಉಣ್ಣೂದಿಲ್ಲಂತೀರಿ. ಇದೂ ಮಗಳ ಮನೀನ ಅಲ್ಲೇನ್ರಿ? ಇಲ್ಲಿ ಹೆಂಗ ಜಡೀಲಿಕ್ಕತ್ತೀರಿ?" ಅಂದರು.

ಸಾಲಿನಲ್ಲಿದ್ದವರು ನಕ್ಕರು. ಅಪ್ಪನೂ ನಕ್ಕ. "ಈಕಿ ಮಾತ ಬ್ಯಾರೆ ಅಳಿಯಂದ್ರ. ಈಕಿಗೆ ಇಬ್ಬರು ಗಂಡಮಕ್ಕಳು. ಗಣಪ ಒಬ್ಬಾಂವ, ಷಣ್ಮುಖ ಒಬ್ಬಾಂವ. ಈಕಿ ಮನ್ಯಾಗ ಉಣ್ಣಾಕ ನನಗೇನ ಅಡ್ಡಿ?"

"ನನಗೂ ಒಬ್ಬ ಇದ್ದನಲ್ಲಪ್ಪಾ."

ನಾನು ಕೂಗಲಿಲ್ಲ. ಉಪ್ಪು ಕೇಳಿದಷ್ಟೇ ದನಿಯಲ್ಲಿ ಅಂದೆ. ಆದರೂ ಆ ಸಾಲಿನಲ್ಲಿ ನಗು ನಿಂತಿತು. ಮುದುಕಿ ನನ್ನ ಕಡೆ ನೋಡಿದಳು, ಆಮೇಲೆ ಅಪ್ಪನ ಕಡೆ ನೋಡಿದಳು. ಅಪ್ಪನ ಕೈ ಎಲೆಯ ಮೇಲೆಯೇ ನಿಂತಿತ್ತು. ನನಗೆ ನಿಲ್ಲಿಸಲು ಆಗಲಿಲ್ಲ. "ಅಂವ ಹುಟ್ಟಿದ್ದ. ನೀ ತೊಟ್ಟಿಲಾ ತೂಗಿದ್ದಿ. ಹೋದ ಅಂದಕೂಡ್ಲೆ ಹುಟ್ಟೇ ಇಲ್ಲ ಅಂದಂಗ ಆತೇನು?"

ದಾಸೋಹದ ಅನ್ನ ಎಲೆಯಲ್ಲಿ ಬಿಟ್ಟು ಏಳುವವನಲ್ಲ ಅಪ್ಪ. ತಲೆ ಬಗ್ಗಿಸಿಕೊಂಡು ಉಳಿದದ್ದನ್ನು ಒಂದೊಂದೇ ತುತ್ತು ಮಾಡಿ ನುಂಗಿದ. ಎಲೆ ಮಡಚಿ ಎದ್ದು, ಕೈ ತೊಳೆದು, ಗುಂಪಿನಲ್ಲಿ ಎಲ್ಲಿ ಹೋದನೋ ಕಾಣಲಿಲ್ಲ. ನಮ್ಮ ಮನೆಯವರು ನನ್ನ ರಟ್ಟೆ ಹಿಡಿದು ಕೋಣೆಗೆ ಕರೆತಂದರು. "ಹಿರ್ಯಾರಿಗೆ ನಾಕ ಮಂದ್ಯಾಗ ಹಂಗ ಅನಬಾರದಿತ್ತು" ಅಂದರು. ನನಗೆ ಸಿಟ್ಟು ಬಂತು. "ನೀವ ಅನಬೇಕಿತ್ತು, ಅಂದೀರೇನು? ನಿಮಗೂ ಮಗ ಅಲ್ಲೇನಂವ?" ಅಂದೆ. ಅವರು ಮಂಚದ ಅಂಚಿಗೆ ಕೂತು ಮುಖ ಮುಚ್ಚಿಕೊಂಡರು. ಅವರೂ ಇಷ್ಟು ದಿನ ನನ್ನ ಹಾಗೇ ಸುಮ್ಮನೆ ಇದ್ದವರು ಎಂಬುದು ನನಗೆ ಆಗ ಹೊಳೆಯಿತು.

ಬಿಸಿಲು ಇಳಿಯುವಾಗ ಮೆಟ್ಟಿಲ ಮೇಲೆ ಸಪ್ಪಳವಾಯಿತು. ಅಪ್ಪ. ಬಾಗಿಲ ಹತ್ತಿರ ನಿಂತ. ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ. ಹೊಸ್ತಿಲು ದಾಟಿ ಒಳಗೆ ಬಂದು, ಚಾಪೆ ಬಿಟ್ಟು ಬರಿ ನೆಲದ ಮೇಲೆ ಗೋಡೆಗೆ ಒರಗಿ ಕೂತ.

"ಉಣ್ಣಾಕ ಏನರ ಕೊಡವ್ವಾ."

ನನ್ನ ಸಿಟ್ಟು ಇಳಿದಿರಲಿಲ್ಲ. "ಏನೂ ಇಲ್ಲ. ಬುತ್ತ್ಯಾಗಿನ ಒಣ ರೊಟ್ಟಿ ಅದಾವು, ಅಷ್ಟ" ಅಂದೆ.

"ಅವನ್ನ ಕೊಡು."

ಕೊಟ್ಟೆ. ಇಳಕಲ್ಲಿನಿಂದ ಬಂದ ರೊಟ್ಟಿ, ಹಂಚಿನ ಚೂರಿನಷ್ಟು ಬಿರುಸಾಗಿತ್ತು. ಹೊಟ್ಟೆ ತುಂಬ ದಾಸೋಹ ಉಂಡು ಬಂದವನು, ಹಸಿವು ಎಲ್ಲಿಂದ ಬರಬೇಕು? ಆದರೂ ಮುರಿದು ಮುರಿದು ತಿಂದ. ಇಡೀ ಕೋಣೆಯಲ್ಲಿ ಅದೊಂದೇ ಸಪ್ಪಳ. ನಡುವೆ ಬಿಕ್ಕಳಿಕೆ ಬಂತು. ಬಿಂದಿಗೆಯ ನೀರು ತಂಬಿಗೆಯಲ್ಲಿ ಕೊಟ್ಟೆ. ಕುಡಿದ. ತಂಬಿಗೆ ಕೆಳಗಿಟ್ಟು, ನೆಲ ನೋಡುತ್ತ, "ಅಂವ ನನ್ನ ಮೀಸಿ ಹಿಡದು ಜಗ್ಗತಿದ್ದ. ಬಿಡಸಾಕ ಹ್ವಾದ್ರ ಇನ್ನಷ್ಟು ಬಿಗಿ ಹಿಡೀತಿದ್ದ" ಅಂದ.

ಆಗ ನಾನು ಅತ್ತುಬಿಟ್ಟೆ. ಬಾಯಿಗೆ ಸೆರಗು ತುರುಕಿಕೊಂಡರೂ ನಿಲ್ಲಲಿಲ್ಲ. ಮೈಯೆಲ್ಲ ನೋವು ಒಟ್ಟಿಗೇ ಬಂತು. ಕಾಲಿನದು, ಬೆನ್ನಿನದು, ಎದೆಯದು. ಅಪ್ಪ ನನ್ನ ತಲೆ ಮುಟ್ಟಲಿಲ್ಲ, ಸಮಾಧಾನ ಮಾಡಲಿಲ್ಲ. ರೊಟ್ಟಿ ಮುಗಿಯುವ ತನಕ ಕೂತು ತಿಂದ. ನಮ್ಮ ಮನೆಯವರು ಬಾಗಿಲ ಹೊರಗೆ ಹೋಗಿ ನಿಂತರು, ಅವರ ಹೆಗಲು ಅಲುಗುವುದು ಕಾಣುತ್ತಿತ್ತು. ಆ ದಿನ ಅಪ್ಪ ಅದೇ ಕೋಣೆಯಲ್ಲಿ ಚಾಪೆಯ ಮೇಲೆ ಮಲಗಿದ.

ನನಗೆ ಮುಂದೆ ಮಕ್ಕಳಾಗಲಿಲ್ಲ. ದೇವರು, ದವಾಖಾನೆ ಎಲ್ಲ ಆಯಿತು, ಆಗಲಿಲ್ಲ. ಎಂಬತ್ತರ ದಶಕದುದ್ದಕ್ಕೂ, ಕಾಲಲ್ಲಿ ಶಕ್ತಿ ಇರುವ ತನಕ, ಅಪ್ಪ ತಿಂಗಳಿಗೊಮ್ಮೆ ಬಾಗಲಕೋಟೆಗೆ ಬಂದ. ಬಂದವನು ನೇರ ಒಳಗೆ ಬಂದು ಪಡಸಾಲೆಯಲ್ಲಿ ಕೂತು ನನ್ನ ಕೈಯಿಂದ ಹಾಕಿಸಿಕೊಂಡು ಉಂಡ. ಮೊದಲ ಸಲ ಹಾಗೆ ಬಂದು ಕೂತಾಗ ಅತ್ತೆಗೆ ತಡೆಯಲಾಗಲಿಲ್ಲ. "ಏನ್ರಿ ಬೀಗರ, ನೇಮ ಬಿಟ್ಟ ಬಿಟ್ರೇನು?" ಎಂದು ಕೇಳಿಯೇಬಿಟ್ಟರು.

"ಬಿಟ್ಟಿಲ್ರಿ" ಅಂದ ಅಪ್ಪ. "ನೇಮದ ಪ್ರಕಾರನ ಉಣ್ಣಾಕತ್ತೇನಿ."